ಎಂಜಿನ್ ತಪ್ಪೆಂದರೂ ಗೆದ್ದ ನಡೆಗಳು: ಟಾಲ್ ಆಟಗಳ ಟಿಪ್ಪಣಿ ಓದುವ ಬಗೆ

ಚೆಸ್ ಕಲಿಯುವವರಿಗೆ ಯಾರಾದರೊಬ್ಬರು 'ಮಿಖಾಯಿಲ್ ಟಾಲ್ ಆಟಗಳನ್ನು ನೋಡು' ಎಂದು ಹೇಳಿಯೇ ಇರುತ್ತಾರೆ. ನೋಡೋಣವೆಂದು ಫೋನಿನಲ್ಲಿ ಒಂದು ಆಟ ತೆರೆದರೆ ಗೊಂದಲ ಶುರು. ಜಗತ್ತೇ ಕೊಂಡಾಡಿದ ನಡೆ ಬರುತ್ತದೆ, ಪಕ್ಕದಲ್ಲಿ ಎಂಜಿನ್ (ನಡೆಗಳ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ತೋರಿಸುವ ಅನುಕೂಲದ ಪಟ್ಟಿ ಸರ್ರನೆ ಎದುರಾಳಿಯ ಕಡೆಗೆ ಜಾರುತ್ತದೆ. ಅಂದರೆ ಆ ನಡೆ ಸರಿಯಿಲ್ಲ. ಆದರೂ ಟಾಲ್ ಗೆದ್ದಿದ್ದಾರೆ. ಸರಿಯಿಲ್ಲದ ನಡೆಯಿಂದ ಕಲಿಯುವುದಾದರೂ ಏನನ್ನು?

ಎಂಜಿನ್ ಉತ್ತರಿಸುವ ಪ್ರಶ್ನೆಯೇ ಬೇರೆ, ಟಿಪ್ಪಣಿ ಉತ್ತರಿಸುವ ಪ್ರಶ್ನೆಯೇ ಬೇರೆ. 'ಇಬ್ಬರೂ ಎಲ್ಲಿಯೂ ಎಡವದೆ ಆಡಿದರೆ ಯಾರಿಗೆ ಅನುಕೂಲ?' ಎಂಬುದಕ್ಕೆ ಎಂಜಿನ್ ಒಂದು ಅಂಕಿ ಕೊಡುತ್ತದೆ. ಆ ಹೊತ್ತಿನಲ್ಲಿ ಬೋರ್ಡಿನ ಮುಂದೆ ಕೂತಿದ್ದವನಿಗೆ ಯಾವ ಪ್ರಶ್ನೆ ಎದುರಾಯಿತು, ಅದನ್ನು ಬಿಡಿಸುವುದು ಎಷ್ಟು ಕಷ್ಟವಿತ್ತು ಎಂಬುದನ್ನು ಒಳ್ಳೆಯ ಟಿಪ್ಪಣಿ ಹೇಳುತ್ತದೆ. ಆಕ್ರಮಣದ ಆಟ ಕಲಿಯಲು ಬೇಕಾದ್ದು ಈ ಎರಡನೆಯದು.

ಟಾಲ್ ಯಾರು?

ಲಾಟ್ವಿಯಾದ ರೀಗಾದಲ್ಲಿ 1936ರಲ್ಲಿ ಹುಟ್ಟಿದವರು. 1957 ಮತ್ತು 1958ರಲ್ಲಿ ಸೋವಿಯತ್ ಒಕ್ಕೂಟದ ಚಾಂಪಿಯನ್. 1960ರಲ್ಲಿ ಮಾಸ್ಕೋದಲ್ಲಿ ಮಿಖಾಯಿಲ್ ಬೊಟ್ವಿನಿಕ್ ಅವರನ್ನು 12.5–8.5ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದಾಗ ವಯಸ್ಸು 23. ಮರುವರ್ಷದ ಮರುಪಂದ್ಯದಲ್ಲಿ ಪಟ್ಟ ಕಳೆದುಕೊಂಡರು. 1992ರಲ್ಲಿ ತೀರಿಕೊಂಡರು.

ಇಲ್ಲಿ ನಮಗೆ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಟಾಲ್ ಓದಿದ್ದು ಸಾಹಿತ್ಯ. 1960ರಿಂದ 1970ರವರೆಗೆ ರೀಗಾದ 'ಶಾಹ್ಸ್' ಎಂಬ ಚೆಸ್ ಪತ್ರಿಕೆಯ ಸಂಪಾದಕರೂ ಆಗಿದ್ದರು. ಹಾಗಾಗಿ ಅವರ ಟಿಪ್ಪಣಿಗಳು ಬರೀ ನಡೆಗಳ ಪಟ್ಟಿಯಲ್ಲ. ಎಲ್ಲಿ ಅಳುಕಿದರು, ಎಲ್ಲಿ ಲೆಕ್ಕ ತಪ್ಪಿದರು, ಎಲ್ಲಿ ಲೆಕ್ಕವನ್ನೇ ಬಿಟ್ಟು ಧೈರ್ಯದ ಮೇಲೆ ಆಡಿದರು ಎಂಬುದನ್ನು ನಗುನಗುತ್ತಾ ಒಪ್ಪಿಕೊಳ್ಳುತ್ತಾರೆ.

ಟಿಪ್ಪಣಿಯಲ್ಲಿ ಏನೇನಿರುತ್ತದೆ?

ಆಟದ ನಡೆಗಳನ್ನು ಸಾಲಾಗಿ ಬರೆದರೆ ಅದು ದಾಖಲೆ ಮಾತ್ರ. ಅದರ ನಡುನಡುವೆ ವಿವರಣೆ ಸೇರಿದಾಗ ಟಿಪ್ಪಣಿಸಹಿತ ಆಟವಾಗುತ್ತದೆ. ಚಿಹ್ನೆಗಳು ಎಲ್ಲೆಡೆ ಒಂದೇ: '!' ಒಳ್ಳೆಯ ನಡೆ, '!!' ಅಸಾಧಾರಣ, '?' ತಪ್ಪು, '??' ದೊಡ್ಡ ಎಡವಟ್ಟು. '!?' ಎಂದರೆ ಪೂರ್ತಿ ಸರಿಯೋ ಅಲ್ಲವೋ, ಪರೀಕ್ಷಿಸಲು ಯೋಗ್ಯ. '?!' ಎಂದರೆ ಅನುಮಾನಾಸ್ಪದ. ಟಾಲ್ ಆಟಗಳಲ್ಲಿ ಈ ಕೊನೆಯ ಎರಡರ ಮೇಲೆಯೇ ಹೆಚ್ಚು ಜಗಳ.

ಚಿಹ್ನೆಗಳ ಜೊತೆ ವೇರಿಯೇಷನ್‌ಗಳು ಬರುತ್ತವೆ. ಬೋರ್ಡಿನ ಮೇಲೆ ಆಡದೆ ಉಳಿದ, ಆದರೆ ಆಡಬಹುದಾಗಿದ್ದ ಸಾಲುಗಳಿವು. ಹೊಸಬರು ಇವನ್ನು ಹಾರಿಸಿಬಿಡುತ್ತಾರೆ. ಆದರೆ 'ಕಪ್ಪು ಇಲ್ಲಿ ಕುದುರೆಯನ್ನು ಏಕೆ ಹೊಡೆಯಲಿಲ್ಲ?' ಎಂಬ ನಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಆಡದ ನಡೆಗಳಿಗೆ ಹೆದರಿಯೇ ಆಡಿದ ನಡೆಗಳು ಹುಟ್ಟಿರುತ್ತವೆ.

ಇನ್ನು ಹೆಸರುಗಳು. ಇಲ್ಲಿ ಆನೆ ಎಂದರೆ ರೂಕ್, ಒಂಟೆ ಎಂದರೆ ಬಿಷಪ್. ಬಿಳಿಯ ಎಡಗಡೆಯಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂಬ ಎಂಟು ಉದ್ದ ಸಾಲುಗಳು. ಬಿಳಿಯ ಬದಿಯಿಂದ 1ರಿಂದ 8ರವರೆಗೆ ಅಡ್ಡ ಸಾಲುಗಳು. 'ಡಿ5' ಎಂದರೆ ಡಿ ಸಾಲಿನ ಐದನೆಯ ಮನೆ.

ಬಲಿಯಲ್ಲಿ ಎರಡು ಬಗೆ

ಕಾಯಿಗಳಿಗೆ ಒಂದು ಒರಟು ಬೆಲೆಯಿದೆ: ಕಾಲಾಳು 1, ಕುದುರೆ 3, ಒಂಟೆ 3, ಆನೆ 5, ರಾಣಿ 9. ಬೇಕೆಂದೇ ಹೆಚ್ಚು ಬೆಲೆಯದನ್ನು ಕೊಟ್ಟು ಕಡಿಮೆ ಬೆಲೆಯದನ್ನು ಪಡೆಯುವುದೇ ಬಲಿ, ಅಂದರೆ ಸ್ಯಾಕ್ರಿಫೈಸ್. ಆದರೆ ಎಲ್ಲ ಬಲಿಯೂ ಒಂದೇ ಅಲ್ಲ. ಆಸ್ಟ್ರಿಯಾದ ಆಟಗಾರ ರುಡಾಲ್ಫ್ ಸ್ಪೀಲ್ಮನ್ ಇದನ್ನು ತೋರಿಕೆಯ ಬಲಿ, ನಿಜವಾದ ಬಲಿ ಎಂದು ಎರಡಾಗಿ ಒಡೆದರು.

ತೋರಿಕೆಯ ಬಲಿ ಒಡವೆ ಅಡವಿಟ್ಟಂತೆ. ಮೂರು ನಡೆಯಲ್ಲಿ ಬಿಡಿಸಿಕೊಳ್ಳುವುದು ಖಚಿತ. ಮೇಟ್ ಆಗುತ್ತದೆ, ಇಲ್ಲವೇ ಕಾಯಿ ವಾಪಸು ಬರುತ್ತದೆ. ಪಝಲ್‌ಗಳಲ್ಲಿ ನಾವು ಬಿಡಿಸುವುದೆಲ್ಲ ಇದೇ. ನಿಜವಾದ ಬಲಿ ಬಿತ್ತನೆಯಂತೆ. ಕಣಜದಿಂದ ಕಾಳು ಹೋದದ್ದು ನಿಶ್ಚಯ. ಬೆಳೆ ಬರುತ್ತದೆಯೇ ಎಂಬುದು ಮುಂದಿನ ಮಳೆಗೆ, ಆರೈಕೆಗೆ ಬಿಟ್ಟದ್ದು. ಕಾಯಿಗೆ ಬದಲಾಗಿ ಸಿಗುವುದು ಎಣಿಸಲು ಬಾರದ ಸರಕು: ತೆರೆದ ಸಾಲು, ಬಯಲಿಗೆ ಬಿದ್ದ ರಾಜ, ಎದುರಾಳಿಯ ಕಾಯಿಗಳು ಮೂಲೆಯಲ್ಲಿ ಮಲಗಿರುವಷ್ಟು ಹೊತ್ತಿನ ಅವಕಾಶ.

ಟಾಲ್ ಹೆಸರಾಗಿದ್ದು ಈ ಎರಡನೆಯದರಲ್ಲಿ. ಸೋವಿಯತ್ ಆಟಗಾರ ವಸ್ಯುಕೋವ್ ವಿರುದ್ಧದ ಒಂದು ಆಟದ ಬಗ್ಗೆ ಅವರೇ ಹೇಳಿಕೊಂಡ ಪ್ರಸಂಗ ಪ್ರಸಿದ್ಧ. ಕುದುರೆ ಬಲಿ ಕೊಡಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದಾಗ ಸಾಲುಗಳು ಕವಲೊಡೆದು ತಲೆ ಕೆಟ್ಟಿತಂತೆ. ಆಗ ಎಲ್ಲಿಂದಲೋ ಮಕ್ಕಳ ಪದ್ಯವೊಂದರ ನೀರಾನೆ ನೆನಪಿಗೆ ಬಂದು, ಕೆಸರಿನಿಂದ ಅದನ್ನು ಎತ್ತುವುದು ಹೇಗೆಂದು ಯೋಚಿಸುತ್ತಾ ಕೂತರು. ಕೊನೆಗೆ 'ಮುಳುಗಿದರೆ ಮುಳುಗಲಿ' ಎಂದುಕೊಂಡರು. ನೀರಾನೆ ಹೋದ ಮೇಲೆ ಬೋರ್ಡು ಸರಳವಾಗಿ ಕಂಡಿತು, ಕುದುರೆ ಕೊಟ್ಟರು. ನಲವತ್ತು ನಿಮಿಷ ಕೂಲಂಕಷ ಲೆಕ್ಕ ಹಾಕಿ ಬಲಿ ಕೊಟ್ಟರೆಂದು ಮರುದಿನದ ಪತ್ರಿಕೆ ಬರೆದಿತ್ತು. ತಮಾಷೆಯ ಒಳಗೆ ತಿರುಳಿದೆ: ನಿಜವಾದ ಬಲಿಯನ್ನು ಕೊನೆಯವರೆಗೆ ಲೆಕ್ಕ ಹಾಕಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಸ್ಥಿತಿಯ ಲಕ್ಷಣಗಳನ್ನು ಓದಲು ಕಲಿಯಬೇಕು.

ಒಂದು ಆಟವನ್ನು ಹತ್ತಿರದಿಂದ: ಬ್ಲೆಡ್, 1965

ಊರು ಯುಗೊಸ್ಲಾವಿಯಾದ ಬ್ಲೆಡ್. ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಪಂದ್ಯಗಳ ಸೆಮಿಫೈನಲ್. ಎದುರಾಳಿ ಡೆನ್ಮಾರ್ಕಿನ ಬೆಂಟ್ ಲಾರ್ಸನ್. ಒಂಬತ್ತು ಆಟಗಳ ನಂತರ 4.5–4.5 ಸಮ, ಹತ್ತನೆಯ ಆಟವೇ ನಿರ್ಣಾಯಕ. ಟಾಲ್‌ಗೆ ಬಿಳಿ, ಓಪನಿಂಗ್ (ಆರಂಭದ ನಡೆಗಳ ಮಾದರಿ) ಸಿಸಿಲಿಯನ್. ಕಪ್ಪಿನ 15ನೆಯ ನಡೆಯ ನಂತರದ ಸ್ಥಿತಿಯನ್ನು ಬೋರ್ಡಿನ ಮೇಲೆ ಜೋಡಿಸಿಕೊಳ್ಳಿ.

ಬಿಳಿ: ರಾಜ ಸಿ1, ರಾಣಿ ಎಫ್3, ಆನೆಗಳು ಡಿ1 ಮತ್ತು ಎಚ್1, ಒಂಟೆಗಳು ಡಿ3 ಮತ್ತು ಡಿ4, ಕುದುರೆ ಸಿ3, ಕಾಲಾಳುಗಳು ಎ2, ಬಿ2, ಸಿ2, ಇ4, ಎಫ್4, ಜಿ5, ಎಚ್2.

ಕಪ್ಪು: ರಾಜ ಜಿ8, ರಾಣಿ ಬಿ8, ಆನೆಗಳು ಎ8 ಮತ್ತು ಎಫ್8, ಒಂಟೆಗಳು ಸಿ8 ಮತ್ತು ಇ7, ಕುದುರೆ ಡಿ7, ಕಾಲಾಳುಗಳು ಎ6, ಬಿ4, ಡಿ6, ಇ6, ಎಫ್7, ಜಿ7, ಎಚ್7.

ಬಿ4ರ ಕಾಲಾಳು ಸಿ3ರ ಕುದುರೆಗೆ ಗುರಿಯಿಟ್ಟಿದೆ. ಕುದುರೆಯನ್ನು ಇ2ಗೆ ಸರಿಸುವುದು ಸಹಜ. ಟಾಲ್ ಅದನ್ನು ಡಿ5ಕ್ಕೆ ಹಾರಿಸಿದರು, ಇ6ರ ಕಾಲಾಳಿನ ಬಾಯಿಗೆ. ಇ7ರ ಒಂಟೆಗೆ ಈಗ ಕುತ್ತು ಬಂದಿದೆ. ಲಾರ್ಸನ್ ಕುದುರೆಯನ್ನು ಹೊಡೆದರು, ಬಿಳಿಯ ಇ4 ಕಾಲಾಳು ಡಿ5ರಲ್ಲಿ ಮರುಹೊಡೆಯಿತು. ಕುದುರೆ ಹೋಗಿ ಒಂದು ಕಾಲಾಳು ಬಂತು. ಎರಡು ಅಂಕದ ನಷ್ಟ.

ಇಲ್ಲಿ ನಿಲ್ಲಿಸಿ. ಪುಸ್ತಕ ಮುಚ್ಚಿ, ಬೋರ್ಡು ನೋಡಿ, ಬಿಳಿಗೆ ಸಿಕ್ಕಿದ್ದೇನು ಎಂದು ಬರೆಯಿರಿ. ಮೊದಲನೆಯದು, ಎರಡೂ ಇ ಕಾಲಾಳುಗಳು ಮಾಯವಾಗಿ ಇ ಸಾಲು ತೆರೆದಿದೆ. ಆ ಸಾಲಿನಲ್ಲಿ ಇ7ರ ಒಂಟೆ ಕಾವಲಿಲ್ಲದೆ ನಿಂತಿದೆ. ಎರಡನೆಯದು, ಇ4 ಖಾಲಿಯಾದ್ದರಿಂದ ಡಿ3ರ ಒಂಟೆಗೆ ಎಚ್7ರವರೆಗೆ ದಾರಿ ಬಿಟ್ಟಿತು. ಡಿ4ರ ಇನ್ನೊಂದು ಒಂಟೆ ಮೊದಲೇ ಜಿ7 ಕಡೆ ನೋಡುತ್ತಿದೆ. ಎರಡು ಒಂಟೆಗಳೂ ಹೀಗೆ ರಾಜನ ಮುಂದಿನ ಎರಡು ಕಾಲಾಳುಗಳಿಗೆ ಗುರಿಯಿಟ್ಟಾಗ ಎರಡು ಒಂಟೆಗಳನ್ನೂ ಒಂದರ ಹಿಂದೊಂದು ಬಲಿ ಕೊಡುವ ಹಳೆಯ ಉಪಾಯವೊಂದಿದೆ; 1889ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮುಂದೆ ವಿಶ್ವ ಚಾಂಪಿಯನ್ ಆದ ಲಾಸ್ಕರ್ ಅದನ್ನು ಬಾವರ್ ಎಂಬ ಆಟಗಾರನ ಮೇಲೆ ಪ್ರಯೋಗಿಸಿದ್ದರು. ಇಲ್ಲಿಯೂ ಅದರ ಬೆದರಿಕೆಯಿದೆ.

ಮೂರನೆಯದು ತಲೆ ಎಣಿಕೆ. ಕಪ್ಪು ರಾಜನ ಕಡೆ ನುಗ್ಗಬಲ್ಲ ಬಿಳಿಯ ಕಾಯಿಗಳು: ರಾಣಿ, ಎರಡು ಒಂಟೆ, ಎರಡು ಆನೆ. ಐದು. ರಾಜನಿಗೆ ಹತ್ತಿರವಿರುವ ಕಪ್ಪು ಕಾಯಿಗಳು: ಎಫ್8ರ ಆನೆ, ಇ7ರ ಒಂಟೆ, ಡಿ7ರ ಕುದುರೆ. ಮೂರು. ಬಿ8ರ ರಾಣಿ, ಎ8ರ ಆನೆ, ಸಿ8ರ ಒಂಟೆ ಇನ್ನೂ ಎದ್ದೇ ಇಲ್ಲ. ಬೋರ್ಡಿನ ಒಟ್ಟು ಲೆಕ್ಕದಲ್ಲಿ ಕಪ್ಪು ಮುಂದಿದೆ, ಜಗಳ ನಡೆಯುವ ಕೇರಿಯಲ್ಲಿ ಬಿಳಿಯೇ ಹೆಚ್ಚು ಜನ. ಟಾಲ್‌ರ ಅರ್ಧ 'ಮಾಯಾಜಾಲ' ಈ ಎಣಿಕೆಯೇ.

ಲಾರ್ಸನ್ ಎಲ್ಲಿ ಎಡವಿದರು?

ಎಚ್7ಕ್ಕೆ ಬರುವ ಒಂಟೆಯ ದಾರಿಯನ್ನು ಮುಚ್ಚಲು ಎರಡು ಬಾಗಿಲುಗಳಿದ್ದವು. ಎಫ್ ಕಾಲಾಳನ್ನು ಎಫ್5ಕ್ಕೆ ನೂಕುವುದು, ಅಥವಾ ಜಿ ಕಾಲಾಳನ್ನು ಜಿ6ಕ್ಕೆ ಸರಿಸುವುದು. ಲಾರ್ಸನ್ 17ನೆಯ ನಡೆಯಾಗಿ ಎಫ್5 ಆಡಿದರು. ಜಿ6 ಉತ್ತಮವಿತ್ತು ಎಂಬುದು ನಂತರದ ವಿಶ್ಲೇಷಕರ ತೀರ್ಮಾನ. ಆದರೆ ಡಿ4ರ ಒಂಟೆ ಉದ್ದ ಕರ್ಣದಲ್ಲಿ (ಮೂಲೆಯಿಂದ ಮೂಲೆಗೆ ಹೋಗುವ ಓರೆ ಸಾಲಿನಲ್ಲಿ) ನಿಂತು ನೋಡುತ್ತಿರುವಾಗ ಜಿ ಕಾಲಾಳನ್ನು ಸರಿಸಿ ಎಫ್6, ಎಚ್6 ಮನೆಗಳನ್ನು ಬಯಲು ಮಾಡುವುದಕ್ಕೆ ಎಂಥವರಿಗೂ ಅಳುಕು. ಎಂಜಿನ್‌ಗೆ ಅಳುಕಿಲ್ಲ, ಅದು ಕಾಣದ ಸಂಗತಿ ಇದೇ.

ಎಫ್5ರ ದೋಷವೇನು? ಅದು ಕಾವಲು ಬೇಡುವ ಹೊಸ ಗುರಿಯೊಂದನ್ನು ಹುಟ್ಟಿಸಿತು. 18ನೆಯ ನಡೆಯಲ್ಲಿ ಟಾಲ್ ಡಿ ಆನೆಯನ್ನು ಇ1ಕ್ಕೆ ತಂದು ಇ7ರ ಒಂಟೆಗೆ ಗುರಿಯಿಟ್ಟರು. ಲಾರ್ಸನ್ ಆನೆಯನ್ನು ಎಫ್7ಕ್ಕೆ ಎತ್ತಿ ಒಂಟೆಯನ್ನು ಕಾಯ್ದರು. ಈಗ ಒಬ್ಬನೇ ಕಾವಲುಗಾರ, ಎರಡು ಬಾಗಿಲು: ಎಫ್7ರ ಆನೆ ಇ7ನ್ನೂ ಕಾಯಬೇಕು, ಎಫ್5ನ್ನೂ ಕಾಯಬೇಕು. ಟಾಲ್ ಅವಸರ ಮಾಡಲಿಲ್ಲ. ಎಚ್ ಕಾಲಾಳನ್ನು ಎಚ್4ಕ್ಕೆ ಸರಿಸಿದರು, ಲಾರ್ಸನ್ ಒಂಟೆಯನ್ನು ಬಿ7ಕ್ಕೆ ತಂದರು. 20ನೆಯ ನಡೆಯಲ್ಲಿ ಟಾಲ್‌ರ ಒಂಟೆ ಎಫ್5 ಕಾಲಾಳನ್ನು ಹೊಡೆಯಿತು. ಕಾವಲಿನ ಆನೆ ಒಂಟೆಯನ್ನು ಹೊಡೆಯಲು ಎಫ್5ಕ್ಕೆ ಬಂದ ಕೂಡಲೇ ಇನ್ನೊಂದು ಬಾಗಿಲು ತೆರೆಯಿತು: ಬಿಳಿಯ ಆನೆ ಇ7ರ ಒಂಟೆಯನ್ನು ಕಬಳಿಸಿ ಏಳನೆಯ ಅಡ್ಡ ಸಾಲಿನಲ್ಲಿ ಕೂತಿತು. ಜಿ7ರ ಮೇಲೆ ಈಗ ಆನೆಯೂ ಒಂಟೆಯೂ ಒಟ್ಟಿಗೆ.

ಆ ಕರ್ಣಕ್ಕೆ ಅಡ್ಡ ಹಾಕಲು ಲಾರ್ಸನ್ ಕುದುರೆಯನ್ನು ಇ5ಕ್ಕೆ ಎಸೆಯಬೇಕಾಯಿತು, ಅಂದರೆ ಪಡೆದ ಕಾಯಿಯನ್ನು ಹಿಂದಿರುಗಿಸಬೇಕಾಯಿತು. 26ನೆಯ ನಡೆಯಲ್ಲಿ ಬಿಳಿ ರಾಣಿ ಎಫ್3ರಲ್ಲಿ ಆನೆಯನ್ನು ಹೊಡೆದ ಮೇಲೆ ಎಣಿಸಿ ನೋಡಿ: ಇಬ್ಬರಿಗೂ ಒಂದು ರಾಣಿ, ಒಂದು ಆನೆ, ಒಂದು ಒಂಟೆ. ಬಿಳಿಗೆ ಏಳು ಕಾಲಾಳು, ಕಪ್ಪಿಗೆ ಐದು. ಬಿತ್ತಿದ್ದು ಹತ್ತು ನಡೆಯೊಳಗೆ ಬಡ್ಡಿಸಮೇತ ಬಂದಿದೆ. 37ನೆಯ ನಡೆಗೆ ಲಾರ್ಸನ್ ಸೋಲೊಪ್ಪಿದರು.

ಎಷ್ಟು ಹೊತ್ತು, ಯಾವ ಕ್ರಮದಲ್ಲಿ?

ಒಂದು ಆಟಕ್ಕೆ ಒಂದರಿಂದ ಒಂದೂವರೆ ಗಂಟೆ ಇಟ್ಟುಕೊಳ್ಳಿ. ವಾರಕ್ಕೆ ಎರಡು ಆಟ ಸಾಕು. ದಿನಕ್ಕೆ ಐದು ಆಟ ಎಂದು ಹೊರಟರೆ ನೋಡಿದ್ದಾಗುತ್ತದೆ, ಓದಿದ್ದಾಗುವುದಿಲ್ಲ. ಸಾಧ್ಯವಾದರೆ ನಿಜವಾದ ಬೋರ್ಡು ಬಳಸಿ. ಪರದೆಯ ಮೇಲೆ ಬಾಣದ ಗುಂಡಿ ಒತ್ತುತ್ತಾ ಹೋದರೆ ನಡೆಗಳು ಕಣ್ಣೆದುರು ಹರಿದುಹೋಗುತ್ತವೆ. ಕೈಯಿಂದ ಕಾಯಿ ಎತ್ತಿಡುವಾಗ ಆಗುವ ತಡವೇ ಯೋಚನೆಗೆ ಎಡೆ ಕೊಡುತ್ತದೆ.

ಮೊದಲು ಟಿಪ್ಪಣಿ ಓದದೆ ಇಡೀ ಆಟವನ್ನು ಹತ್ತು ನಿಮಿಷದಲ್ಲಿ ಆಡಿ ಮುಗಿಸಿ. ಕಥೆ ಎಲ್ಲಿ ತಿರುಗಿತು ಎಂದು ಮಾತ್ರ ಗುರುತಿಸಿ. ಎರಡನೆಯ ಸುತ್ತಿನಲ್ಲಿ ಒಂದು ರಟ್ಟಿನ ಚೂರು ತೆಗೆದುಕೊಂಡು ಮುಂದಿನ ನಡೆಗಳನ್ನು ಮುಚ್ಚಿ, ಗೆದ್ದವನ ಕಡೆ ಕೂತು ಪ್ರತಿ ನಡೆಯನ್ನೂ ಊಹಿಸಿ. ಸಾಮಾನ್ಯ ನಡೆಗಳಿಗೆ ಅರ್ಧ ನಿಮಿಷ ಸಾಕು. ತಿರುವಿನ ಜಾಗಗಳಲ್ಲಿ, ಒಂದು ಆಟದಲ್ಲಿ ಮೂರೋ ನಾಲ್ಕೋ ಇರುತ್ತವೆ, ಹತ್ತು ನಿಮಿಷ ಕೊಡಿ. ಊಹೆಯನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಕಾಗದದ ಮೇಲೆ ಬರೆಯಿರಿ. ಬರೆಯದಿದ್ದರೆ ಉತ್ತರ ಕಂಡ ಮೇಲೆ 'ನಾನೂ ಅದನ್ನೇ ಅಂದುಕೊಂಡಿದ್ದೆ' ಎಂದು ಮನಸ್ಸು ಸುಳ್ಳು ಹೇಳುತ್ತದೆ.

ಟಿಪ್ಪಣಿ ತೆರೆಯುವುದು ಮೂರನೆಯ ಸುತ್ತಿನಲ್ಲಿ. ನಿಮ್ಮ ಊಹೆಗೂ ಟಾಲ್ ನಡೆಗೂ ವ್ಯತ್ಯಾಸ ಬಂದಲ್ಲೆಲ್ಲ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆದಿಡಿ: 'ಕಾವಲುಗಾರನಿಗೆ ಎರಡು ಕೆಲಸವಿದ್ದದ್ದು ನನಗೆ ಕಾಣಲಿಲ್ಲ', 'ತೆರೆದ ಸಾಲಿಗೆ ಆನೆ ತರದೆ ರಾಣಿಯನ್ನು ಓಡಿಸಿದೆ'. ಇಪ್ಪತ್ತು ಆಟಗಳ ನಂತರ ಆ ವಾಕ್ಯಗಳನ್ನು ಒಟ್ಟಿಗೆ ಓದಿದರೆ ಎರಡು ಮೂರು ಮಾತ್ರ ಮತ್ತೆ ಮತ್ತೆ ಬಂದಿರುತ್ತವೆ. ನಿಮ್ಮ ಆಟದ ರೋಗ ಅಲ್ಲಿದೆ.

ಎಂಜಿನ್ ಬರಬೇಕಾದ್ದು ಎಲ್ಲಕ್ಕಿಂತ ಕೊನೆಗೆ. ಹಳೆಯ ಟಿಪ್ಪಣಿಗಳಲ್ಲಿ ತಪ್ಪುಗಳಿವೆ, ಅವನ್ನು ತಿದ್ದಲು ಅದು ಬೇಕೇ ಬೇಕು. ಅದನ್ನು ಕೇಳಬೇಕಾದ ಪ್ರಶ್ನೆ 'ಬಲಿ ಸರಿಯೇ?' ಎಂಬುದಲ್ಲ, 'ತಪ್ಪಿಸಿಕೊಳ್ಳುವ ದಾರಿಗಳು ಎಷ್ಟಿದ್ದವು?' ಎಂಬುದು. 1960ರ ಪಟ್ಟದ ಪಂದ್ಯದ ಆರನೆಯ ಆಟ ನೋಡಿ. ಕಪ್ಪು ಆಡುತ್ತಿದ್ದ ಟಾಲ್ 21ನೆಯ ನಡೆಯಲ್ಲಿ ಕುದುರೆಯನ್ನು ಎಫ್4ರಲ್ಲಿ ಬಲಿ ಕೊಟ್ಟರು. ಸಭಾಂಗಣದಲ್ಲಿ ಎಷ್ಟು ಗದ್ದಲವಾಯಿತೆಂದರೆ ಆಟವನ್ನು ಹಿಂದಿನ ಕೋಣೆಗೆ ಸಾಗಿಸಬೇಕಾಯಿತು. 25ನೆಯ ನಡೆಯಲ್ಲಿ ಬೊಟ್ವಿನಿಕ್ ಆನೆಯಿಂದ ಬಿ2ರ ರಾಣಿಯನ್ನು ಹೊಡೆದರು. ಅದರ ಬದಲು ಒಂಟೆಯಿಂದ ಎಫ್3ರ ಕಾಲಾಳನ್ನು ಹೊಡೆದಿದ್ದರೆ ಒಳ್ಳೆಯದಿತ್ತು. ಎದುರಿಗೆ ರಾಣಿಯೇ ಸಿಗುತ್ತಿರುವಾಗ ಕಾಲಾಳನ್ನು ಹೊಡೆ ಎನ್ನುತ್ತದೆ ಸರಿಯುತ್ತರ! ನಲವತ್ತು ನಡೆಗೆ ಎರಡೂವರೆ ಗಂಟೆ, ಅಂದರೆ ಸರಾಸರಿ ನಡೆಯೊಂದಕ್ಕೆ ನಾಲ್ಕು ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ ಅದು ಹೊಳೆಯಬೇಕಿತ್ತು.

ಸಾಮಾನ್ಯವಾಗಿ ಕೆಡುವುದು ಎಲ್ಲಿ?

ಟಾಲ್ ಆಟಗಳ ರುಚಿ ಹತ್ತಿದವರು ಮೊದಲು ಒಂದಷ್ಟು ಆಟ ಸೋಲುತ್ತಾರೆ. ಕಾರಣ ಗೊತ್ತಿರುವುದೇ: ಬಲಿಯನ್ನು ಮಾತ್ರ ನಕಲು ಮಾಡುತ್ತಾರೆ, ಅದರ ಹಿಂದಿನ ಹದಿನೈದು ನಡೆಗಳನ್ನಲ್ಲ. ಬ್ಲೆಡ್ ಆಟದಲ್ಲಿ ಕುದುರೆ ಹಾರುವ ಮೊದಲೇ ಎಚ್1ರ ಆನೆ ಬಿಟ್ಟರೆ ಬಿಳಿಯ ಎಲ್ಲ ಕಾಯಿಗಳೂ ಹೊರಬಂದಿದ್ದವು, ರಾಜ ಕ್ಯಾಸ್ಲಿಂಗ್ ಮುಗಿಸಿದ್ದ, ಜಿ ಕಾಲಾಳು ಐದನೆಯ ಮನೆ ಮುಟ್ಟಿತ್ತು. ಎರಡು ಕಾಯಿ ಹೊರಬಂದಿರುವಾಗಲೇ ಎಚ್7ರಲ್ಲಿ ಒಂಟೆ ಕೊಟ್ಟರೆ ಅದು ದಾನ. ಬಲಿಗೆ ಮುಂಚೆ ತಲೆ ಎಣಿಸಿ. ರಾಜನ ಕಡೆ ನಿಮ್ಮ ಕಾಯಿಗಳು ಎದುರಾಳಿಯ ಕಾವಲಿಗಿಂತ ಕನಿಷ್ಠ ಎರಡಾದರೂ ಹೆಚ್ಚಿಲ್ಲದಿದ್ದರೆ ಇನ್ನೊಂದು ಕಾಯಿಯನ್ನು ಕರೆತನ್ನಿ.

ಕೊಟ್ಟ ಮೇಲೆ ಗಾಬರಿಯಾಗಿ ನಡೆನಡೆಗೂ ಚೆಕ್ ಕೊಡುವುದು ಇನ್ನೊಂದು ತಪ್ಪು. ಟಾಲ್ ಕುದುರೆ ಕೊಟ್ಟ ನಂತರ ಆಡಿದ 18ನೆಯ, 19ನೆಯ ನಡೆಗಳು ಎರಡೂ ಸದ್ದಿಲ್ಲದವು: ಆನೆ ಇ1ಕ್ಕೆ, ಕಾಲಾಳು ಎಚ್4ಕ್ಕೆ. ಚೆಕ್ ಇಲ್ಲ, ಹೊಡೆತವಿಲ್ಲ.

ಗೆದ್ದ ಆಟಗಳನ್ನಷ್ಟೇ ಓದುವುದರಿಂದಲೂ ಕಣ್ಣು ಮಂಜಾಗುತ್ತದೆ. ಗೆದ್ದ ಆಟಕ್ಕೆ ಟಿಪ್ಪಣಿ ಬರೆಯುವಾಗ ಗೆದ್ದವನ ನಡೆಗಳೆಲ್ಲ '!' ಆಗಿ ಕಾಣುವುದು ಬರೆಯುವವರಿಗೂ ತಪ್ಪದ ಮೋಹ. ಅದಕ್ಕೆ ಮದ್ದು 1961ರ ಮರುಪಂದ್ಯ. ಬೊಟ್ವಿನಿಕ್ 13–8ರಿಂದ ಗೆದ್ದರು. ಕಾಲಾಳುಗಳು ಒಂದಕ್ಕೊಂದು ಅಂಟಿಕೊಂಡ ಮುಚ್ಚಿದ ಸ್ಥಿತಿಗಳನ್ನು ಆರಿಸಿದರು, ರಾಣಿಗಳನ್ನು ಬದಲಾಯಿಸಿಕೊಂಡು ಕೆಲವೇ ಕಾಯಿಗಳು ಉಳಿದ ಕೊನೆಯ ಘಟ್ಟಕ್ಕೆ, ಅಂದರೆ ಎಂಡ್‌ಗೇಮ್‌ಗೆ ಎಳೆದರು. ತೆರೆದ ಸಾಲಿಲ್ಲ, ರಾಣಿಯಿಲ್ಲ ಎಂದಮೇಲೆ ಟಾಲ್‌ಗೂ ಉಸಿರಾಡಲು ಜಾಗ ಕಡಿಮೆ. ಟಾಲ್ ಗೆದ್ದ ಐದು ಆಟ ಓದಿದ ಮೇಲೆ ಈ ಪಂದ್ಯದಲ್ಲಿ ಸೋತ ಒಂದನ್ನು ಓದುವ ಲೆಕ್ಕ ಇಟ್ಟುಕೊಳ್ಳಿ.

ಕೊನೆಗೊಂದು ಅಭ್ಯಾಸ. ಬ್ಲೆಡ್ ಆಟದಲ್ಲಿ ಬಿಳಿ ಕಾಲಾಳು ಡಿ5ರಲ್ಲಿ ಮರುಹೊಡೆದ ಸ್ಥಿತಿಯನ್ನು ಮತ್ತೆ ಜೋಡಿಸಿ. ಈಗ ಕಪ್ಪಿನ ಸರದಿ. ನಿಮ್ಮಷ್ಟೇ ಆಡಬಲ್ಲ ಗೆಳೆಯನೊಬ್ಬನನ್ನು ಕೂರಿಸಿ, ಗಡಿಯಾರದಲ್ಲಿ ತಲಾ ಹದಿನೈದು ನಿಮಿಷ ಇಟ್ಟು, ಎರಡು ಸಲ ಆಡಿ, ಬಣ್ಣ ಬದಲಿಸಿಕೊಂಡು. ಎಂಜಿನ್ ಬಂದ್ ಮಾಡಿಡಿ. ಜಿ6 ಒಳ್ಳೆಯದೆಂದು ಈಗ ನಿಮಗೆ ಗೊತ್ತು. ಅದನ್ನು ಆಡಿದ ಮೇಲೆ ಬಿಳಿಯ ರಾಣಿ ಎಚ್3ಕ್ಕೆ ಬಂದು ಎಚ್6ರ ಕಡೆ ನೋಡತೊಡಗಿದಾಗ, ಗಡಿಯಾರದಲ್ಲಿ ಆರು ನಿಮಿಷ ಉಳಿದಿದ್ದಾಗ, ಮುಂದೇನು ಆಡುತ್ತೀರಿ ಎಂಬುದನ್ನು ಬರೆದಿಡಿ.